ಮುದ್ರಾ ಸಾಲ, ಎಲಿವೇಟ್, ಏಂಜೆಲ್, ಸೀಡ್ ಫಂಡ್: ಗಂಗಾವತಿಯಿಂದ ನಾಕೂ ಕಡೆ ಅಡ್ಡಾಡಿ ಬಂದಿದ್ದು

ಮೊನ್ನೆ ಸಿಂಧನೂರಿನ ಹುಡುಗ ಒಬ್ಬ ಫೋನ್ ಹಚ್ಚಿದ್ದ, ಅಣ್ಣಾ ನಂದೊಂದು ಪ್ರಾಡಕ್ಟ್ ರೆಡಿ ಐತಿ, ರೊಕ್ಕಕ್ಕ ಎಲ್ಲಿ ಹೋಗ್ಲಿ, ಎಲಿವೇಟ್ ಛಲೋನೋ ಸೀಡ್ ಫಂಡ್ ಛಲೋನೋ ಅಂತ. ಅರ್ಧ ತಾಸು ಹೇಳಿದ್ರೂ ಮುಗೀಲಿಲ್ಲ, ಅದಕ ಇಲ್ಲೇ ಬರದು ಹಾಕಾಕತ್ತೀನಿ. ನಾವು ಇಬ್ರು ಗೆಳೆಯರು 2022ರಿಂದ ಬ್ಯಾಂಕ್ ಸಾಲ, ರಾಜ್ಯದ ಎಲಿವೇಟ್, ಏಂಜೆಲ್, ಕೇಂದ್ರದ ಸೀಡ್ ಫಂಡ್ ಅಂತ ನಾಕೂ ಕಡೆ ಹೋಗಿ ಬಂದೀವಿ, ಎರಡು ಕಡೆ ಸಿಕ್ಕೈತಿ, ಎರಡು ಕಡೆ ಮುಖ ಸಪ್ಪಗ ಮಾಡ್ಕೊಂಡು ವಾಪಸ್ ಬಂದೀವಿ.

ನಮ್ದು ರೈಸ್ ಮಿಲ್ ಡ್ರೈಯರ್‌ಗೆ ಕೂಡ್ಸೋ ಒಂದು ಡಬ್ಬಿ, ಭತ್ತದ ತೇವಾಂಶ ತೋರಿಸ್ತೈತಿ. ಭತ್ತ 13-14 ಪರ್ಸೆಂಟಿಗೆ ಬಂದ ಕೂಡ್ಲೇ ನಿಲ್ಲಿಸ್ಬೇಕು, ಜಾಸ್ತಿ ಒಣಗಿದ್ರ ಕಾಳು ಒಳಗ ಸೀಳ್ತೈತಿ, ಆಮೇಲೆ ಮಿಲ್ಲಿಗೆ ಹಾಕಿದ್ರ ಬರೇ ನುಚ್ಚು. ಸೋನಾ ಮಸೂರಿ ರೇಟೆಲ್ಲಿ, ನುಚ್ಚಿನ ರೇಟೆಲ್ಲಿ. ನಮ್ಮ ಕಡೆ ಇವತ್ತಿಗೂ ಬಾಳ ಮಿಲ್‌ನ್ಯಾಗ ಡ್ರೈಯರ್ ನೋಡ್ಕೊಳ್ಳೋ ಮನುಷ್ಯ ನಾಕು ಕಾಳು ಬಾಯಾಗ ಹಾಕ್ಕೊಂಡು ಕಟಕ್ ಅಂತ ಕಚ್ಚಿ ಹೇಳೋದೇ ಲೆಕ್ಕ.

ಮೊದ್ಲು ಬ್ಯಾಂಕಿನ ಕಥಿ. ಪಿಎಂಇಜಿಪಿ ಹಾಕಿದ್ವಿ, ಅಂದ್ರ ಹೊಸ ಧಂದೆ ಹಚ್ಚೋರಿಗೆ ಸಬ್ಸಿಡಿ ಕೂಡ್ಸಿ ಕೊಡೋ ಕೇಂದ್ರ ಸರ್ಕಾರದ ಸಾಲದ ಸ್ಕೀಮು, ಹಳ್ಳಿ ಜಾಗದಾಗ ಜನರಲ್‌ನವರಿಗೆ 25, ಸ್ಪೆಷಲ್ ಕೆಟಗರಿಗೆ 35 ಪರ್ಸೆಂಟ್ ಸಬ್ಸಿಡಿ ಐತಿ, ಪೇಪರ್ ಮ್ಯಾಲ ಇದಕ್ಕಿಂತ ಛಲೋದು ಯಾವ್ದೂ ಇಲ್ಲ. ಆದ್ರ ಆ ಸಬ್ಸಿಡಿ ಕೈಗೆ ಬರಂಗಿಲ್ಲ, ಮೂರು ವರ್ಷ ಬ್ಯಾಂಕಿನ್ಯಾಗ ಡಿಪಾಜಿಟ್ ಆಗಿ ಕುಂದರ್ತೈತಿ, ಆಮೇಲೆ ಸಾಲಕ್ಕ ಜಮಾ. ಇನ್ನೊಂದು, ಅದು ವ್ಯಕ್ತಿ ಹೆಸರಿನ್ಯಾಗ ಆಗ್ಬೇಕು, ಪ್ರೈವೇಟ್ ಲಿಮಿಟೆಡ್ ಕಂಪನಿಗೆ ಇಲ್ಲ. ನಾವು ಹೋದ ಬ್ಯಾಂಕಿನ್ಯಾಗ ಮ್ಯಾನೇಜರ್ ಸಾಹೇಬ್ರು ಸೆನ್ಸಾರ್ ಅಂದ್ರ ಏನು ಅಂತ ಒಂದು ಮಾತು ಕೇಳ್ಲಿಲ್ಲ, ಹೊಲದ ಪಹಣಿ ತಂದೀರೇನು ಅಂತ ಕೇಳಿದ್ರು. ನನ್ನ ಗೆಳೆಯನ ಅಪ್ಪಾರು ಕೊಡಾಕ ತಯಾರಿದ್ರು, ನಾನೇ ಬ್ಯಾಡ ಅಂದೆ. ಕೊನಿಗೆ ಮುದ್ರಾ, ಅಂದ್ರ ಸಣ್ಣ ಧಂದೆಯವರಿಗೆ ಕೊಡೋ ಸರ್ಕಾರಿ ಸ್ಕೀಮಿನ ಸಾಲ, ಅದರ ಕಿಶೋರ್ ಅನ್ನೋ ಹಂತದಾಗ 4 ಲಕ್ಷ ಅವನ ಹೆಸರಿಗೆ ತಗೊಂಡ್ವಿ, ತಿಂಗಳಿಗೆ ಎಂಟೂವರಿ ಸಾವಿರದ ಮ್ಯಾಲ ಕಂತು. ಜಲ್ದಿ ಸಿಕ್ಕಿದ್ದು ಇದೊಂದೇ, ಅದನ್ನ ಒಪ್ಕೋಬೇಕು.

ಎಲಿವೇಟ್ ರಾಜ್ಯ ಸರ್ಕಾರದ್ದು, 2017ರಿಂದ ನಡದೈತಿ, 50 ಲಕ್ಷದ ತನಕ ಗ್ರಾಂಟ್, ಷೇರು ಕೇಳಂಗಿಲ್ಲ, ವಾಪಸ್ ಕೊಡೋದಿಲ್ಲ, ಎಸ್‌ಸಿ ಎಸ್‌ಟಿ ಹುಡುಗರಿಗೆ ಎಲಿವೇಟ್ ಉನ್ನತಿ ಅಂತ ಬ್ಯಾರೇನೂ ಐತಿ. ನಮಗ ಆಗ್ಲಿಲ್ಲ, ತಪ್ಪು ನಮ್ದೇ. ಹನ್ನೆರಡು ಸ್ಲೈಡಿನ್ಯಾಗ ಒಂಬತ್ತು ಸ್ಲೈಡ್ ಸರ್ಕ್ಯೂಟಿನ ಬಗ್ಗೆ ಮಾಡಿದ್ವಿ, ಜ್ಯೂರಿಯವರು ರೊಕ್ಕ ಕೊಟ್ಟು ತಗೊಂಡೋರು ಯಾರು ಅಂತ ಕೇಳಿದ್ಕೂಡ್ಲೇ ನಾವಿಬ್ರೂ ಒಬ್ರ ಮುಖ ಒಬ್ರು ನೋಡಿದ್ವಿ. ಒಬ್ರೂ ಇರ್ಲಿಲ್ಲ ಆಗ.

ಏಂಜೆಲ್, ಅಂದ್ರ ತಮ್ಮ ಸ್ವಂತ ರೊಕ್ಕ ಹೊಸ ಕಂಪನಿಗೆ ಹಾಕಿ ಷೇರು ತಗೊಳ್ಳೋರು, ಅವರ ವಿಷಯ ಸಣ್ಣಗ ಹೇಳಿ ಮುಗಸ್ತೀನಿ. ಬೆಂಗಳೂರಿನ್ಯಾಗ ಒಬ್ರು 30 ಲಕ್ಷ ಕೊಡ್ತೀನಿ 25 ಪರ್ಸೆಂಟ್ ಷೇರು ಕೊಡ್ರಿ ಅಂದ್ರು, ಅಂದ್ರ ರೊಕ್ಕ ಬಿದ್ದ ಮ್ಯಾಲ ನಮ್ಮ ಕಂಪನಿ ಬೆಲೆ 1.2 ಕೋಟಿ, ನಾವು ಊರಾಗ ಅಷ್ಟು ದೊಡ್ಡ ನಂಬರ್ ಕೇಳೇ ಇರ್ಲಿಲ್ಲ, ಖುಷಿ ಆತು. ಆಮೇಲೆ ಸಿಎ ಒಬ್ರು ಲೆಕ್ಕ ಹಾಕಿ ತೋರಿಸಿದ್ರು, ಒಂದು ಡಬ್ಬಿನೂ ಮಾರಿಲ್ಲದಾಗ ಕಾಲುಭಾಗ ಕೊಟ್ರ ಮುಂದ ಷೇರು ಕೊಟ್ಟು ಇನ್ನೆರಡು ರೌಂಡ್ ರೊಕ್ಕ ಎತ್ತೋದ್ರೊಳಗ ನಿಮ್ಮ ಕೈಯಾಗ ಏನು ಉಳೀತೈತಿ ನೋಡ್ರಿ ಅಂತ. ಆ ಏಂಜೆಲ್ ಸಾಹೇಬ್ರು ಮಿಲ್ಲಿಗೆ ಒಮ್ಮೆನೂ ಬರ್ಲಿಲ್ಲ, ಟರ್ಮ್ ಶೀಟ್ (ಷರತ್ತಿನ ಕಾಗದ) ಮಾತ್ರ ಮೂರು ಸಲ ಬದಲಿ ಆಗಿ ಬಂತು, ನಾವೇ ಕೈಬಿಟ್ವಿ. ಈಗಿನವರಿಗೆ ಒಂದು ಕಾಟ ಕಮ್ಮಿ, ಹಿಂಗ ಷೇರಿಗೆ ಬಂದ ರೊಕ್ಕದ ಮ್ಯಾಲ ಬೀಳ್ತಿದ್ದ ಏಂಜೆಲ್ ಟ್ಯಾಕ್ಸ್ 2024ರ ಜುಲೈ ಬಜೆಟ್‌ನ್ಯಾಗ ತೆಗೆದ್ರು.

ನಮಗ ಹತ್ತಿದ್ದು ಕೇಂದ್ರ ಸರ್ಕಾರದ ಸ್ಟಾರ್ಟಪ್ ಇಂಡಿಯಾ ಸೀಡ್ ಫಂಡ್. ಇಲ್ಲಿ ಹೇಳೋ ಅದರ ನಿಯಮ ಎಲ್ಲಾ ನಾವು ಹಾಕಿದಾಗಿನವು. ಇದರ ರೊಕ್ಕ ಸೀದಾ ದಿಲ್ಲಿಯಿಂದ ಬರಂಗಿಲ್ಲ, ಇನ್‌ಕ್ಯುಬೇಟರ್ (ಹೊಸ ಕಂಪನಿಗಳನ್ನ ಕೈಹಿಡಿದು ಬೆಳೆಸೋ ಸಂಸ್ಥೆ) ಮುಖಾಂತರ ಬರ್ತೈತಿ, ಒಂದೇ ಸಲಕ್ಕ ಮೂರು ಇನ್‌ಕ್ಯುಬೇಟರ್‌ಗೆ ಹಾಕ್ಬಹುದು. ಪ್ರೋಟೋಟೈಪಿಗೆ (ಮೊದಲ ಮಾದರಿ ಮಾಡಾಕ) 20 ಲಕ್ಷದ ತನಕ ಗ್ರಾಂಟ್, ಮಾರ್ಕೆಟಿಗೆ ಇಳಿಯೋ ಹೊತ್ತಿಗೆ 50 ಲಕ್ಷದ ತನಕ ಸಾಲ ಇಲ್ಲಾ ಕನ್ವರ್ಟಿಬಲ್ ಡಿಬೆಂಚರ್ (ಮುಂದ ಷೇರಾಗಿ ಬದಲಾಗೋ ಸಾಲ), ಅದಕ್ಕೂ ಅಡಮಾನ ಇಲ್ಲ, ಜಾಮೀನು ಇಲ್ಲ. ನಮ್ದು ಸ್ಟಾರ್ಟಪ್ ಹೌದು ಅಂತ ಕೇಂದ್ರದ ಡಿಪಿಐಐಟಿ ಇಲಾಖೆ ಕೊಡೋ ಸರ್ಟಿಫಿಕೇಟ್ ಬೇಕು, ಕಂಪನಿ ಹುಟ್ಟಿ ಎರಡು ವರ್ಷದೊಳಗ ಇರ್ಬೇಕು. 2023ರಾಗ ಹುಬ್ಬಳ್ಳಿಯ ಇನ್‌ಕ್ಯುಬೇಟರ್‌ಗೆ ಹೋಗಿ ಕುಂತಾಗ ಅಲ್ಲಿಯವರೂ ಅದೇ ಪ್ರಶ್ನೆ ಕೇಳಿದ್ರು, ತಗೊಂಡೋರು ಯಾರು. ಫರಕ್ ಏನಂದ್ರ ಇಲ್ಲ ಅಂದ್ಮ್ಯಾಲೂ ಹೊರಗ ಕಳಿಸ್ಲಿಲ್ಲ, ಒಂದು ತಿಂಗಳು ಬಿಟ್ಟು ಒಬ್ಬ ಗಿರಾಕಿ ಹಿಡ್ಕೊಂಡು ಬರ್ರಿ ಅಂದ್ರು.

ಆ ತಿಂಗಳು ಕಾರಟಗಿ ಹತ್ರ ಒಂದು ಮಿಲ್‌ನ್ಯಾಗ ಡಬ್ಬಿ ಕೂಡ್ಸಿದ್ವಿ. ಮೊದಲನೇ ರಾತ್ರಿ ಡಬ್ಬಿ 13.6 ಅಂತು, ಡ್ರೈಯರ್ ನೋಡ್ಕೊಳ್ಳೋ ಅಜ್ಜ ಎರಡು ಕಾಳು ಕಚ್ಚಿ, ಏ ತಮ್ಮಾ ಇನ್ನ ಒಂದು ತಾಸು ಬೇಕು ಇದಕ್ಕ, ನಿನ್ನ ಡಬ್ಬಿಗಿ ಹಲ್ಲಿಲ್ಲ ಅಂತ ನಕ್ಕ. ಸಾವಕಾರ್ರು ಕೈ ಮೀಟರ್ ತರಿಸಿ ನೋಡಿದ್ರು, 15 ದಾಟಿತ್ತು. ಬಿಚ್ಚಿ ನೋಡಿದ್ರ ಸೆನ್ಸಾರ್ ಪ್ಲೇಟಿನ ಮ್ಯಾಲ ಧೂಳು ಉಗುರಿನಷ್ಟು ದಪ್ಪ ಕುಂತಿತ್ತು, ಅದರ ಜೊತಿಗೆ ಭತ್ತ ಬಿಸಿ ಇದ್ದದ್ದಕ್ಕ ರೀಡಿಂಗ್ ಬ್ಯಾರೆ ತಪ್ಪಿತ್ತು. ಎಲಿವೇಟರ್ (ಭತ್ತ ಮ್ಯಾಲ ಎತ್ತೋ ಮಷಿನ್) ಬಾಯಿಗೆ ಕೂಡ್ಸೀರಿ, ಧೂಳೆಲ್ಲಾ ಅಲ್ಲೇ ಬೀಳ್ತೈತಿ, ಕೆಳಗ ಇಳಿಜಾರಿಗೆ ಹಾಕ್ರಿ, ಭತ್ತನೇ ಉಜ್ಕೊಂಡು ಹೋಗಿ ಸ್ವಚ್ಛ ಮಾಡ್ತೈತಿ ಅಂತ ಹೇಳಿದ್ದೂ ಆ ಅಜ್ಜನೇ. ಟೆಂಪರೇಚರ್ ತಿದ್ದೋದು ನಾವು ಕೋಡಿನ್ಯಾಗ ಮಾಡಿದ್ವಿ, ಹನ್ನೊಂದು ದಿನ ಹಿಡೀತು. ಆಮೇಲೆ ಸಾವಕಾರ್ರು ಗಲ್ಲೆ ತೆಗೆದು 40 ಸಾವಿರ ಅಡ್ವಾನ್ಸ್ ಕೊಟ್ರು, ರಶೀದಿ ಬ್ಯಾಡ ಅಂದ್ರು, ನಾವೇ ಬಿಲ್ ಮಾಡಿ ಸೈನ್ ಹಾಕಿಸ್ಕೊಂಡ್ವಿ, ಆ ಬಿಲ್ ತೋರಿಸಿದ ಮ್ಯಾಲ 12 ಲಕ್ಷ ಗ್ರಾಂಟ್ ಮಂಜೂರಾತು, ಮೂರು ಕಂತಿನ್ಯಾಗ.

ತೊಂದ್ರಿ ಇಲ್ಲ ಅಂತಲ್ಲ. ಪ್ರತಿ ಕಂತಿಗೂ ಮೈಲ್‌ಸ್ಟೋನ್, ಅಂದ್ರ ಮಾತು ಕೊಟ್ಟಷ್ಟು ಕೆಲಸ ಆಗೇತಿ ಅಂತ ತೋರಿಸ್ಬೇಕು, ಬಿಲ್ಲು ಫೋಟೋ ರಿಪೋರ್ಟು, ಬರೇ ಇದಕ್ಕ ವಾರದಾಗ ಒಂದು ದಿನ ಹೋಗ್ತೈತಿ.

ಇದಕ್ಕಿಂತ ಮುಖ್ಯ, ಮೊದ್ಲು ಯಾವ್ದು ಆಮೇಲೆ ಯಾವ್ದು ಅನ್ನೋದನ್ನ ಯಾರೂ ಹೇಳಂಗಿಲ್ಲ. ಬ್ಯಾರೆ ಸರ್ಕಾರಿ ಸ್ಕೀಮಿನಿಂದ 10 ಲಕ್ಷಕ್ಕಿಂತ ಹೆಚ್ಚು ರೊಕ್ಕ ತಗೊಂಡಿದ್ರ ಸೀಡ್ ಫಂಡ್ ಕೊಡಂಗಿಲ್ಲ, ಸ್ಪರ್ಧೆ ಬಹುಮಾನ ಲೆಕ್ಕಕ್ಕಿಲ್ಲ. ಅರ್ಜಿ ಹಾಕೋ ಹೊತ್ತಿಗೆ ಕಮ್ಮಿ ಅಂದ್ರೂ 51 ಪರ್ಸೆಂಟ್ ಷೇರು ಭಾರತದ ಪ್ರಮೋಟರ್‌ಗಳ (ಕಂಪನಿ ಹುಟ್ಟಿಸಿ ನಡೆಸೋರ) ಕೈಯಾಗ ಇರ್ಬೇಕು. ಅದಕ ದೊಡ್ಡ ಗ್ರಾಂಟ್ ಆಗ್ಲಿ, ಏಂಜೆಲ್‌ಗೆ ಷೇರು ಕೊಡೋದಾಗ್ಲಿ, ಸೀಡ್ ಫಂಡಿನ ಮುಂಚೆ ಮಾಡೋದಿದ್ರ ಇನ್‌ಕ್ಯುಬೇಟರ್‌ನವರನ್ನ ಕೇಳಿ ಮಾಡು ಅಂತ ಆ ಹುಡುಗನಿಗೆ ಹೇಳೀನಿ.

ಸಾಲಕ್ಕೂ ಗ್ರಾಂಟಿಗೂ ಏನು ಫರಕ್ ಅನ್ನೋದು ನಮಗ ಗೊತ್ತಾಗಿದ್ದು 2024ರ ಆಗಸ್ಟ್‌ನ್ಯಾಗ. 10ನೇ ತಾರೀಖು ರಾತ್ರಿ ಟಿಬಿ ಡ್ಯಾಮಿನ (ತುಂಗಭದ್ರಾ) 19ನೇ ಗೇಟ್ ಕೊಚ್ಚಿ ಹೋತು, ಮುಂಜಾನೆ ಎದ್ದು ನೋಡಿದ್ರ ಮಾತಾಗಿದ್ದ ಮೂರು ಮಿಲ್‌ನವರೂ ಫೋನ್ ಮಾಡಿ, ನೀರೇ ಇಲ್ಲಂದ್ರ ಭತ್ತ ಎಲ್ಲೀದು, ನಿಮ್ಮ ಡಬ್ಬಿ ಆಮೇಲೆ ನೋಡೂಣು ಅಂದ್ರು. ಗ್ರಾಂಟಿನ ಮೈಲ್‌ಸ್ಟೋನ್ ಎರಡು ತಿಂಗಳು ಮುಂದ ಹಾಕ್ರಿ ಅಂತ ಒಂದು ಮೇಲ್ ಬರದ್ವಿ, ಹೂಂ ಅಂದ್ರು. ಮುದ್ರಾ ಕಂತು ಮಾತ್ರ ಮುಂದಿನ ತಿಂಗಳು 5ನೇ ತಾರೀಖಿಗೆ ಸರಿಯಾಗಿ ಕಟ್ ಆತು, ಅಕೌಂಟಿನ್ಯಾಗ ಉಳಿದಿದ್ದು ಆರುನೂರ ಚಿಲ್ರೆ. ಕೊಚ್ಚಿ ಹೋದ ಗೇಟಿನ ಜಾಗಕ್ಕ ಸ್ಟಾಪ್‌ಲಾಗ್ (ಅಡ್ಡ ಇಳಿಸೋ ಕಬ್ಬಿಣದ ತಡೆ) ಕೂಡ್ಸಿ ಡ್ಯಾಮಿನ್ಯಾಗ ನೀರು ನಿಂತ ಮ್ಯಾಲ ಮೂರರಾಗ ಇಬ್ರು ವಾಪಸ್ ಬಂದ್ರು, ಮೂರನೇವ್ರ ಡ್ರೈಯರ್ ಹತ್ರ ನಮ್ಮ ಡಬ್ಬಿ ಡೆಮೋಕ್ಕ ಇಟ್ಟಿದ್ದು ಇನ್ನೂ ಅಲ್ಲೇ ಐತಿ, ತರಾಕ ಹೋಗ್ಬೇಕು.