ಜೋಧ್‌ಪುರದ ರಾವ್ ಜೋಧಾ ಡೆಸರ್ಟ್ ರಾಕ್ ಪಾರ್ಕ್: ಕೊಡಗಿನ ಚಾರಣಿಗರಿಗೆ ಹೇಗಿದೆ?

ತಡಿಯಂಡಮೋಳ್ ಹತ್ತಿ ಇಳಿದ ಕಾಲುಗಳಿಗೆ ಒಂದು ಕಿಲೋಮೀಟರಿನ ಕಾಲುದಾರಿ ಯಾವ ಲೆಕ್ಕ ಎನಿಸುವುದು ಸಹಜ. ಜೋಧ್‌ಪುರದ ಮೆಹ್ರಾನ್‌ಗಢ ಕೋಟೆಯ ಬುಡದಲ್ಲಿರುವ ಈ ಉದ್ಯಾನದಲ್ಲಿ ಗುರುತು ಹಾಕಿದ ದಾರಿಗಳು ನಾಲ್ಕೇ: ಹಳದಿ, ಹಸಿರು, ಕೆಂಪು, ನೀಲಿ. ಒಂದೊಂದೂ ಒಂದು ಕಿಲೋಮೀಟರಿನ ಆಸುಪಾಸು. ನಾಲ್ಕನ್ನೂ ಸೇರಿಸಿದರೂ ಬೆಳಗಿನ ತಿಂಡಿಗೆ ಮೊದಲು ಮುಗಿಸಿಬಿಡುವಷ್ಟು ದೂರ. ಹಾಗೆ ಮುಗಿಸಿದವರು ಏನನ್ನೂ ನೋಡದೆ ಬಂದಂತೆ. ಇದು ಮೂರು ಗಂಟೆ ಕೊಟ್ಟು ನಿಧಾನವಾಗಿ ನಡೆಯಬೇಕಾದ ಜಾಗ. ಮಳೆನಾಡಿನ ಕಾಡಿನಲ್ಲಿ ಕಲಿತ ನಡಿಗೆಯ ಅಭ್ಯಾಸಗಳಲ್ಲಿ ಅರ್ಧದಷ್ಟನ್ನು ಇಲ್ಲಿ ತಿರುಗಿಸಿ ಹಾಕಬೇಕು. ಅಷ್ಟು ಸಿದ್ಧತೆಯಿದ್ದವರಿಗೆ, ಭಾರತದ ಒಣ ಸೀಮೆಯನ್ನು ಕಾಲ್ನಡಿಗೆಯಲ್ಲಿ ಅರಿಯಲು ಇದಕ್ಕಿಂತ ಒಳ್ಳೆಯ ಆರಂಭ ಸಿಗುವುದು ಕಷ್ಟ.

ಮರುಭೂಮಿ ಎಂದೊಡನೆ ಮರಳ ದಿಬ್ಬ ಕಣ್ಮುಂದೆ ಬರುತ್ತದೆ. ಇಲ್ಲಿ ಅದಿಲ್ಲ. ಸುಮಾರು 70 ಹೆಕ್ಟೇರಿನ ತುಂಬ ಇರುವುದು ಬಂಡೆ, ಅದರಲ್ಲೂ ರಯೋಲೈಟ್ ಎಂಬ ಜ್ವಾಲಾಮುಖಿ ಶಿಲೆ. ಸುಮಾರು 75 ಕೋಟಿ ವರ್ಷಗಳ ಹಿಂದೆ ಹರಿದು ತಣಿದ ಲಾವಾ ಮತ್ತು ಬೂದಿ ಹೀಗೆ ಕಲ್ಲಾಗಿ ನಿಂತಿದೆ. ನಮ್ಮಲ್ಲಿ ಕೆಂಪು ಮಣ್ಣು ಆಳುದ್ದ ಸಿಗುತ್ತದೆ. ಬರಿ ಬಂಡೆ ಕಾಣಬೇಕಾದರೆ ಕೋಟೆಬೆಟ್ಟದ ತಲೆಗೆ ಹೋಗಬೇಕು. ಇಲ್ಲಿ ಮೊದಲ ಹೆಜ್ಜೆಯಿಂದ ಕೊನೆಯ ಹೆಜ್ಜೆಯವರೆಗೂ ಬಂಡೆಯೇ, ಅದರ ಬಿರುಕುಗಳಲ್ಲಿ ಬೊಗಸೆಯಷ್ಟು ಮಣ್ಣು, ಆ ಮಣ್ಣಿನಲ್ಲಿ ಒಂದು ಗಿಡ. ವರ್ಷದ ಮಳೆ ಸರಾಸರಿ 360 ಮಿಲಿಮೀಟರ್ ಸುತ್ತಮುತ್ತ. ಮಡಿಕೇರಿಯಲ್ಲಿ ಆಷಾಢದ ಕೆಲವೇ ದಿನಗಳಲ್ಲಿ ಸುರಿಯುವಷ್ಟನ್ನು ಇಲ್ಲಿನ ಗಿಡ ವರ್ಷವಿಡೀ ಬಳಸುತ್ತದೆ.

ಈ ಗಿಡಗಳು ತಾವಾಗಿ ಉಳಿದುಕೊಂಡವಲ್ಲ, ಮನುಷ್ಯರು ಕೈಯಾರೆ ಮರಳಿ ತಂದವು. ನಡೆಯುವ ಮೊದಲು ಆ ಕೆಲಸವನ್ನು ತಿಳಿದುಕೊಂಡರೆ ಪ್ರತಿಯೊಂದು ಪೊದೆಯೂ ಬೇರೆಯಾಗಿ ಕಾಣುತ್ತದೆ. 2006ರಲ್ಲಿ ಮೆಹ್ರಾನ್‌ಗಢ ಮ್ಯೂಸಿಯಂ ಟ್ರಸ್ಟ್ ಈ ಜಾಗವನ್ನು ಕೈಗೆತ್ತಿಕೊಂಡಾಗ ಬಂಡೆಯನ್ನೆಲ್ಲ ಆವರಿಸಿದ್ದದ್ದು ಬಳ್ಳಾರಿ ಜಾಲಿ. ಅಲ್ಲಿನವರು ಅದನ್ನು ಬಾವಲಿಯಾ ಎನ್ನುತ್ತಾರೆ. ಮೆಕ್ಸಿಕೋ ಕಡೆಯಿಂದ ಬಂದ ಈ ಮುಳ್ಳುಮರದ ಬೀಜವನ್ನು 1930ರ ದಶಕದಲ್ಲಿ ಜೋಧ್‌ಪುರದ ಮಹಾರಾಜರು ವಿಮಾನದಿಂದ ಎರಚಿಸಿದರು ಎಂದು ಹೇಳುತ್ತಾರೆ. ಕಡಿದರೆ ಇದು ಸಾಯುವುದಿಲ್ಲ, ಬುಡದಿಂದ ಮತ್ತೆ ಹತ್ತಾರು ಚಿಗುರು ಒಡೆಯುತ್ತದೆ. ಬೇರಿನ ಮೇಲ್ಗಂಟನ್ನು, ಅಂದರೆ ಒಂದೂವರೆ ಅಡಿ ಆಳದವರೆಗಿನ ಭಾಗವನ್ನು, ಕಿತ್ತೇ ತೆಗೆಯಬೇಕು. ಬೇರು ಹೊಕ್ಕಿರುವುದು ಬಂಡೆಯ ಬಿರುಕಿಗೆ. ಅದನ್ನು ಅಗೆಯುವುದು ಹೇಗೆ?

ಉತ್ತರ ಸಿಕ್ಕಿದ್ದು ಖಂಡ್ವಾಲಿಯಾ ಎನ್ನುವ ಕಲ್ಲು ತೆಗೆಯುವ ಕಸುಬುದಾರರಿಂದ. ಇವರು ಸುತ್ತಿಗೆಯಿಂದ ಬಂಡೆಯನ್ನು ತಟ್ಟಿ, ಬರುವ ಸದ್ದನ್ನು ಕೇಳಿಯೇ ಕೆಳಗೆ ಬಿರುಕು ಎಲ್ಲಿದೆ, ಯಾವ ಜಾಗದಲ್ಲಿ ಉಳಿ ಇಟ್ಟರೆ ಕಲ್ಲು ಬಿಡುತ್ತದೆ ಎಂದು ಹೇಳಬಲ್ಲರು. ಹಲಸಿನ ಹಣ್ಣನ್ನು ತಟ್ಟಿ ನೋಡಿ ಬಲಿತದ್ದು ಗೊತ್ತುಮಾಡುವ ಹಾಗೆ. ಬಾವಲಿಯಾವನ್ನು ಬೇರುಸಮೇತ ತೆಗೆದಾಗ ಉಳಿದ ಕುಳಿಗಳಿಗೇ ಮಣ್ಣು ತುಂಬಿ, ಥಾರ್ ಸೀಮೆಯ ಬಂಡೆಗಳಲ್ಲಿ ತಾವಾಗಿ ಬೆಳೆಯುವ ಗಿಡಗಳನ್ನು ಹುಡುಕಿ ತಂದು ನೆಟ್ಟರು. ಈ ಕೆಲಸದ ಮುಂದಾಳು ಪ್ರದೀಪ್ ಕ್ರಿಷನ್. 2011ರಲ್ಲಿ ಉದ್ಯಾನ ಜನರಿಗೆ ತೆರೆಯಿತು. ನಾಗರಹೊಳೆಯ ಅಂಚಿನಲ್ಲಿ ಲಂಟಾನ, ಹಳದಿ ಹೂವಿನ ಸೆನ್ನ ಹಬ್ಬಿರುವುದನ್ನು ನೋಡುತ್ತ ಬೆಳೆದವರು ಈ ಕುಳಿಗಳ ಮುಂದೆ ಎರಡು ನಿಮಿಷವಾದರೂ ನಿಲ್ಲಬೇಕು. ಕಳೆಯನ್ನು ಕಡಿಯುವುದು ಬೇರೆ, ಕಿತ್ತು ಆ ಜಾಗಕ್ಕೆ ಸರಿಯಾದ ಗಿಡ ಕೂರಿಸುವುದು ಬೇರೆ. ಎರಡರ ನಡುವಿನ ಅಂತರ ಇಲ್ಲಿ ಕಣ್ಣಿಗೆ ಕಾಣುತ್ತದೆ.

ಪ್ರವೇಶ ಸಿಂಘೋರಿಯಾ ಪೋಲ್ ಎಂಬ ಹಳೆಯ ನಗರದ್ವಾರದ ಮೂಲಕ. ಸಂದರ್ಶಕರ ಕೇಂದ್ರ ಅದರಲ್ಲೇ ಇದೆ. ಕಲ್ಲು ಮತ್ತು ಗಿಡಗಳ ಪರಿಚಯಕ್ಕೆ ಹದಿನೈದು ನಿಮಿಷ ಇಲ್ಲಿ ಕಳೆದು ಮುಂದೆ ಹೋಗುವುದು ಒಳ್ಳೆಯದು. ದಾರಿಗಳಲ್ಲಿ ಒಂದನ್ನೇ ಆರಿಸಿಕೊಳ್ಳಬೇಕು ಎಂದರೆ ಹಾಥಿ ನಹರ್ ಎಂಬ ಕಾಲುವೆಯೊಳಗೆ ಇಳಿಯುವುದನ್ನು ಆರಿಸಿಕೊಳ್ಳಿ. ಮಳೆನೀರನ್ನು ಕೋಟೆಯ ಕಡೆಯ ಕೆರೆಗೆ ಒಯ್ಯಲು ಬಂಡೆಯನ್ನೇ ಕೊರೆದು ಮಾಡಿದ ಹಳೆಯ ಕಾಲುವೆ ಇದು. ಎರಡೂ ಬದಿಗೆ ಶಿಲೆಯ ಗೋಡೆ, ಅದರ ಮೇಲೆ ಉಳಿಯ ಗುರುತು. ಬಿಸಿಲೇರಿದ ಮೇಲೂ ಒಂದಿಷ್ಟು ನೆರಳು ಸಿಗುವುದು ಹೆಚ್ಚುಕಡಿಮೆ ಇಲ್ಲಿ ಮಾತ್ರ. ರಯೋಲೈಟ್ ಹೇಗೆ ಕಂಬಕಂಬವಾಗಿ, ಹಲಗೆಹಲಗೆಯಾಗಿ ಸೀಳುತ್ತದೆ ಎನ್ನುವುದನ್ನು ಮೂಗಿನಷ್ಟು ಹತ್ತಿರದಿಂದ ನೋಡಬಹುದು. ಉಳಿದ ದಾರಿಗಳು ಬಯಲು ಬಂಡೆಯ ಮೇಲೆ ಏರಿ, ನಗರದ ಹಳೆಯ ಗೋಡೆಯ ಕಡೆಗೂ ದೇವ್‌ಕುಂಡ್ ಕೆರೆಯ ಕಡೆಗೂ ಸುತ್ತುತ್ತವೆ. ಕೋಟೆಯ ಪೂರ್ಣ ನೋಟ ಬೇಕಾದವರಿಗೆ ಅವು.

ಗಿಡಗಳಲ್ಲಿ ಮೊದಲು ಕಣ್ಣಿಗೆ ಬೀಳುವುದು ಥೋರ್, ನಮ್ಮ ಕಳ್ಳಿಯ ಜಾತಿ. ದಪ್ಪ ಹಸಿರು ಕಂಬಗಳ ಗುಂಪು, ಮಳೆ ಬಂದಾಗ ಮಾತ್ರ ಎಲೆ, ಒಣಗಿದೊಡನೆ ಎಲೆ ಉದುರಿಸಿ ಬರಿ ಕಾಂಡದಲ್ಲೇ ಬದುಕುತ್ತದೆ. ಮುರಿದರೆ ಬರುವ ಹಾಲು ಚರ್ಮಕ್ಕೆ ಉರಿ, ಕಣ್ಣಿಗೆ ಅಪಾಯ. ಮಕ್ಕಳನ್ನು ಕರೆದೊಯ್ಯುವವರು ಇದನ್ನು ಮೊದಲೇ ಹೇಳಿರಬೇಕು. ಹಾಲು ಕಣ್ಣಿಗೆ ತಾಗಿದರೆ ಉಜ್ಜದೆ, ಕೈಯಲ್ಲಿರುವ ಕುಡಿಯುವ ನೀರನ್ನೆಲ್ಲ ಸುರಿದು ತೊಳೆದು ನೇರ ವೈದ್ಯರ ಬಳಿ ಹೋಗಬೇಕು. ಕುಮಟಿಯೋ ಎನ್ನುವ ಗೋಂದಿನ ಮರದ ಕೊಂಬೆಯನ್ನು ಬೇಕೆಂದೇ ಹತ್ತಿರದಿಂದ ನೋಡಿ: ಪ್ರತಿ ಗೆಣ್ಣಿನಲ್ಲೂ ಮೂರು ಕೊಕ್ಕೆ ಮುಳ್ಳು, ಎರಡು ಮೇಲಕ್ಕೆ, ನಡುವಿನದು ಕೆಳಕ್ಕೆ ಬಾಗಿರುತ್ತದೆ. ಅಂಗಿಯ ತೋಳು ಸಿಕ್ಕಿದರೆ ಮುಂದಕ್ಕೆ ಎಳೆದರೂ ಬಿಡದು, ಹಿಂದಕ್ಕೆ ಎಳೆದರೂ ಬಿಡದು. ನಿಂತು, ಕೊಂಬೆಯನ್ನು ಹಿಡಿದು, ಒಂದೊಂದಾಗಿ ಬಿಡಿಸಬೇಕು. ಎಕ್ಕ, ಬೋರೆ, ಗುಗ್ಗುಳ ನಮಗೂ ಹೆಸರಿನಿಂದ ಪರಿಚಿತ. ಉಳಿದವುಗಳ ಮಾರವಾಡಿ ಹೆಸರುಗಳನ್ನು ಮಾರ್ಗದರ್ಶಿಯ ಬಾಯಲ್ಲೇ ಕೇಳಬೇಕು. ಮಾರ್ಗದರ್ಶಿಯನ್ನು ಕರೆದುಕೊಳ್ಳದೆ ಹೋಗುವುದು ಇಲ್ಲಿ ಮಾಡುವ ದೊಡ್ಡ ತಪ್ಪು. ಒಣಕಡ್ಡಿಯಂತೆ ಕಾಣುವ ಪೊದೆಯಲ್ಲಿ ಜೀವವಿದೆ ಎಂದು ತೋರಿಸುವವರು ಬೇಕು.

ಇನ್ನು ಕಾಲಿನ ವಿಷಯ. ಕೊಡಗಿನ ದಾರಿಗೆಂದು ಕೊಳ್ಳುವ ಶೂಗಳ ಅಡಿಯಲ್ಲಿ ಆಳವಾದ, ದೂರದೂರದ ಹಲ್ಲುಗಳಿರುತ್ತವೆ. ಕೆಸರನ್ನು ಕಚ್ಚಲು, ಕಚ್ಚಿದ ಕೆಸರನ್ನು ಉದುರಿಸಲು ಅದೇ ಸರಿ. ನುಣುಪು ರಯೋಲೈಟ್ ಮೇಲೆ ಆ ಹಲ್ಲುಗಳ ತುದಿಗಳಷ್ಟೇ ನೆಲ ಮುಟ್ಟುತ್ತವೆ, ಹಿಡಿತ ಅರ್ಧಕ್ಕಿಳಿಯುತ್ತದೆ. ಇಲ್ಲಿಗೆ ಬೇಕಾದದ್ದು ಅಗಲ, ಮೆತ್ತನೆಯ ರಬ್ಬರಿನ, ಕಡಿಮೆ ಹಲ್ಲಿನ ಅಡಿ. ಆದರೆ ಪೂರ್ತಿ ಫೋಮಿನ ರಸ್ತೆ ಓಟದ ಶೂ ಬೇಡ, ಬಿದ್ದಿರುವ ಮುಳ್ಳು ಅದನ್ನು ಸಲೀಸಾಗಿ ತೂರಿ ಪಾದಕ್ಕೆ ತಾಗುತ್ತದೆ. ಜಾರುವ ಕಾರಣವೂ ಬೇರೆ. ನಮ್ಮಲ್ಲಿ ಪಾಚಿ ಮತ್ತು ನೀರು ಜಾರಿಸುತ್ತವೆ. ಇಲ್ಲಿ ಬಂಡೆಯ ಮೇಲೆ ಚೆಲ್ಲಿರುವ ಕಲ್ಲುಪುಡಿ, ಪಾದದಡಿ ರಾಗಿ ಕಾಳು ಹರಡಿದಂತೆ ಉರುಳುತ್ತದೆ. ಇಳಿಜಾರಿನಲ್ಲಿ ಹಿಮ್ಮಡಿ ಊರಿ ಇಳಿಯುವುದು ಮಣ್ಣಿನ ಅಭ್ಯಾಸ. ಇಲ್ಲಿ ಹಿಮ್ಮಡಿ ಊರಿದರೆ ಕಾಲು ಮುಂದಕ್ಕೆ ಹೋಗುತ್ತದೆ. ಮೊಣಕಾಲು ಸ್ವಲ್ಪ ಮಡಿಸಿ, ಪೂರ್ತಿ ಪಾದವನ್ನು ಒಮ್ಮೆಗೇ ಚಪ್ಪಟೆಯಾಗಿ ಇಟ್ಟು, ಚಿಕ್ಕ ಹೆಜ್ಜೆಯಲ್ಲಿ ಇಳಿಯಿರಿ. ಜಿಗಣೆ ಕಾಲುಚೀಲ ಮನೆಯಲ್ಲೇ ಇರಲಿ. ಕೈಯೂರುವ ಮೊದಲು ಬಿರುಕಿನೊಳಗೆ ಕಣ್ಣು ಹಾಯಿಸಿ, ಗರಗಸ ಮಂಡಲದ ಹಾವು ಈ ಸೀಮೆಯದ್ದು.

ನೀರಿನ ಲೆಕ್ಕ ತಪ್ಪುವುದು ಬೆವರು ಕಾಣದ ಕಾರಣಕ್ಕೆ. ಕೊಡಗಿನ ತೇವದ ಗಾಳಿಯಲ್ಲಿ ಬೆವರಿದರೆ ಅಂಗಿ ಬೆನ್ನಿಗೆ ಅಂಟಿ, ನೀರು ಕುಡಿಯಬೇಕೆಂದು ತಾನೇ ನೆನಪಾಗುತ್ತದೆ. ಜೋಧ್‌ಪುರದ ಒಣಗಾಳಿ ಬೆವರನ್ನು ಹುಟ್ಟುತ್ತಲೇ ಆರಿಸುತ್ತದೆ. ಬೆವರೇ ಇಲ್ಲವಲ್ಲ ಎಂದುಕೊಂಡವರ ಟೋಪಿಯ ಅಂಚಿನಲ್ಲಿ ಬಿಳಿ ಉಪ್ಪಿನ ಗೆರೆ ಮೂಡಿರುತ್ತದೆ. ಚಳಿಗಾಲದಲ್ಲಿ ಗಂಟೆಗೆ ಅರ್ಧ ಲೀಟರ್, ಬಿಸಿಲು ಕಾಲದಲ್ಲಿ ಮುಕ್ಕಾಲು ಲೀಟರ್ ಎಂದು ಲೆಕ್ಕ ಹಾಕಿ, ಹದಿನೈದು ನಿಮಿಷಕ್ಕೊಮ್ಮೆ ನಾಲ್ಕು ಗುಟುಕು, ಬಾಯಾರಿಕೆಗೆ ಕಾಯದೆ ಕುಡಿಯಿರಿ. ಎರಡು ಗಂಟೆ ಮೀರಿದರೆ ಒಂದು ಲೀಟರಿಗೆ ಒಂದು ಓಆರ್‌ಎಸ್ ಪೊಟ್ಟಣ ಬೆರೆಸಿ. ದಾರಿಯಲ್ಲಿ ಹೊಳೆ, ತೊರೆ ಸಿಗುತ್ತದೆ ಎಂಬ ನಂಬಿಕೆಯನ್ನು ಕುಶಾಲನಗರ ದಾಟುವಾಗಲೇ ಬಿಟ್ಟುಬಿಡಿ. ಸಂಜೆಗಿಂತ ಬೆಳಿಗ್ಗೆ ಮೇಲು. ಹಗಲೆಲ್ಲ ಕಾದ ಬಂಡೆ ಸಂಜೆ ಆ ಕಾವನ್ನು ವಾಪಸ್ ಕೊಡುತ್ತದೆ, ಸೂರ್ಯ ಇಳಿದರೂ ಮೊಣಕಾಲಿನವರೆಗೆ ಸೆಕೆ ತಟ್ಟುತ್ತದೆ.

ಓಡಲು ಹೋಗುವವರಿಗೆ ನೇರ ಮಾತು: ಈ ಉದ್ಯಾನದೊಳಗೆ ಓಡಬೇಡಿ. ದಾರಿ ಕಿರಿದು, ಎತ್ತರ ತಗ್ಗಿನ ಮೆಟ್ಟಿಲು, ಎದುರಿಗೆ ನಿಂತು ಗಿಡ ನೋಡುವ ಜನ. ಅದಕ್ಕಿಂತ ಮುಖ್ಯವಾಗಿ, ತಿರುವಿನಲ್ಲಿ ಒಂದು ಹೆಜ್ಜೆ ದಾರಿ ತಪ್ಪಿದರೆ ಬಿರುಕಿನಲ್ಲಿ ವರ್ಷಗಟ್ಟಲೆ ಹೋರಾಡಿ ಬೇರೂರಿದ ಗಿಡ ಕಾಲಡಿಗೆ ಸಿಗುತ್ತದೆ. ಏರು ಓಟದ ಅಭ್ಯಾಸ ಬೇಕಿದ್ದರೆ ಹೊರಗೆ ಕೋಟೆಗೆ ಹತ್ತುವ ಡಾಂಬರು ರಸ್ತೆಯಿದೆ. ಗಾಡಿಗಳು ಬರುವ ಮೊದಲು, ನಸುಕಿನಲ್ಲಿ ಅಲ್ಲಿ ಓಡಿ ಮುಗಿಸಿ, ಉದ್ಯಾನದ ಬಾಗಿಲು ತೆರೆಯುವ ಹೊತ್ತಿಗೆ ಬಂದು ತಣ್ಣಗೆ ನಡೆಯಿರಿ. ಮರಳಲ್ಲೇ ಓಡಬೇಕೆಂಬ ಆಸೆಯಿದ್ದರೆ ಉತ್ತರಕ್ಕಿರುವ ಓಸಿಯಾಂ ಕಡೆಯ ದಿಬ್ಬಗಳಿಗೆ ಹೋಗಬೇಕು. ಸಡಿಲ ಮರಳಿನಲ್ಲಿ ಓಡಲು ಗಟ್ಟಿ ನೆಲಕ್ಕಿಂತ ಸುಮಾರು 1.6 ಪಟ್ಟು ಶಕ್ತಿ ಬೇಕು, ಆದ್ದರಿಂದ ಮಡಿಕೇರಿಯ ರಸ್ತೆಯಲ್ಲಿ 10 ಕಿಲೋಮೀಟರ್ ಓಡುವವರು ಅಲ್ಲಿ 5ಕ್ಕೆ ನಿಲ್ಲಿಸುವುದು ಜಾಣತನ. ಗಾಳಿ ಬಡಿಯುವ ಇಳಿಜಾರಿನ ಮರಳು ಒತ್ತಾಗಿರುತ್ತದೆ, ಹಿಂಬದಿಯದು ಸಡಿಲ ಮತ್ತು ಕಡಿದು. ಹತ್ತುವುದು ಗಾಳಿಯ ಬದಿಯಿಂದಲೇ ಆಗಲಿ.

ಯಾವಾಗ ಹೋಗಬೇಕು ಎನ್ನುವುದು ಕೊಡಗಿನವರಿಗೆ ನಿಜವಾಗಿ ಕಷ್ಟದ ಪ್ರಶ್ನೆ. ಹಿತವಾದ ಹವೆ ನವೆಂಬರಿನಿಂದ ಫೆಬ್ರವರಿವರೆಗೆ. ಅದೇ ಹೊತ್ತಿಗೆ ಇಲ್ಲಿ ಕಾಫಿ ಕೊಯ್ಲು, ಭತ್ತದ ಕೊಯ್ಲು, ಹುತ್ತರಿ. ತೋಟ ಬಿಟ್ಟು ಹೊರಡಲಾಗದು. ಏಪ್ರಿಲ್, ಮೇನಲ್ಲಿ ಬಿಡುವಿದೆ, ಆದರೆ ಅಲ್ಲಿ 40 ಡಿಗ್ರಿ ದಾಟಿರುತ್ತದೆ, ಗಿಡಗಳೂ ಎಲೆ ಉದುರಿಸಿ ಕುಳಿತಿರುತ್ತವೆ. ಕೈಲ್‌ಪೊಳ್ದ್ ಕಳೆದ ಕೂಡಲೇ, ಅಂದರೆ ಸೆಪ್ಟೆಂಬರಿನಲ್ಲಿ ಹೊರಡುವುದೇ ಎಲ್ಲಕ್ಕಿಂತ ಒಳ್ಳೆಯ ಹೊಂದಾಣಿಕೆ. ಸೆಕೆ ಇರುತ್ತದೆ, ನಿಜ. ಆದರೆ ಮಳೆ ಬಿದ್ದ ಬಂಡೆಯ ಪ್ರತಿ ಬಿರುಕೂ ಆಗ ಹಸಿರು, ಥೋರ್ ಎಲೆ ಹೊತ್ತಿರುತ್ತದೆ, ಹುಲ್ಲು ತೆನೆಗೆ ಬಂದಿರುತ್ತದೆ. ಗಿಡ ನೋಡಲು ಹೋಗುವವರು ಡಿಸೆಂಬರಿನ ತಂಪಿಗಾಗಿ ಇದನ್ನು ಬಿಟ್ಟುಕೊಡಬಾರದು. ಬಾಗಿಲು ಬೇಸಿಗೆ ಮತ್ತು ಮಳೆಗಾಲದಲ್ಲಿ 7 ಗಂಟೆಗೆ, ಚಳಿಗಾಲದಲ್ಲಿ 8ಕ್ಕೆ ತೆರೆಯುತ್ತದೆ. ಬೆಂಗಳೂರಿನಿಂದ ಜೋಧ್‌ಪುರಕ್ಕೆ ನೇರ ರೈಲಿದೆ, ಎರಡು ದಿನ ಹಿಡಿಯುತ್ತದೆ. ಜೋಧ್‌ಪುರದಲ್ಲಿ ಆಟೋದವರಿಗೆ ಬರಿ ಕೋಟೆ ಎಂದರೆ ಮುಖ್ಯ ದ್ವಾರದಲ್ಲಿ ಇಳಿಸಿಬಿಡುತ್ತಾರೆ, ಸಿಂಘೋರಿಯಾ ಪೋಲ್ ಎಂದು ಸ್ಪಷ್ಟವಾಗಿ ಹೇಳಿ.

ಹೊರಬರುವಾಗ ನರ್ಸರಿಯ ಗಿಡಗಳನ್ನು ನೋಡಿ ಆಸೆಪಡುವವರಿದ್ದಾರೆ. ಕೊಡಗಿಗೆ ತರಬೇಡಿ. ಕಳ್ಳಿ ಜಾತಿಯವು ನಮ್ಮ ಮೊದಲ ಮುಂಗಾರಿಗೇ ಬುಡ ಕೊಳೆತು ಬೀಳುತ್ತವೆ, ಕೊಳೆಯದೆ ಹಬ್ಬುವಂಥದ್ದು ಬಂದರೆ ಅದು ಇನ್ನೂ ಕೆಟ್ಟದ್ದು. ಕಾಲುಚೀಲವನ್ನೂ ಪರೀಕ್ಷಿಸಿ. ಥಾರಿನಲ್ಲಿ ಭರೂಟ್ ಎಂಬ ಹುಲ್ಲಿದೆ, ಅದರ ಮುಳ್ಳುಕಾಯಿ ಕಾಳುಮೆಣಸಿನಷ್ಟೇ ದಪ್ಪ, ಬಟ್ಟೆಗೆ ಕಚ್ಚಿದರೆ ಒಗೆದರೂ ಹೋಗದು. ಬೆರಳಿನಿಂದ ಕಿತ್ತರೆ ಬೆರಳಿಗೆ ನಾಟುತ್ತದೆ. ಹಳೆಯ ಬಾಚಣಿಗೆಯೊಂದನ್ನು ಚೀಲದಲ್ಲಿಟ್ಟುಕೊಂಡು ಹೋಗಿ, ಬಾಗಿಲ ಒಳಗಡೆಯೇ ಕುಳಿತು ಕಾಲುಚೀಲ, ಲೇಸು, ಪ್ಯಾಂಟಿನ ಮಡಿಕೆಗಳಿಂದ ಬಾಚಿ ಅಲ್ಲೇ ಉದುರಿಸಿ. ಶೂವಿನ ಅಡಿಯನ್ನೂ ಒಮ್ಮೆ ಕೆರೆದು ಹೊರಡಿ.