ಇಬ್ಬರು ಸೇರಿ ಬಾಡಿಗೆ ಆಸ್ತಿ: ಜಂಟಿ ಹೆಸರೋ, ಎಲ್‌ಎಲ್‌ಪಿಯೋ, ಕಂಪನಿಯೋ?

ಇಬ್ಬರು ಸೇರಿ ಬಾಡಿಗೆಗೆಂದು ಕೊಳ್ಳುವ ಆಸ್ತಿ ಜಂಟಿ ಹೆಸರಿಗೋ, ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ ಸಂಸ್ಥೆ) ಹೆಸರಿಗೋ, ಕಂಪನಿಯ ಹೆಸರಿಗೋ ಎಂಬುದು ಮುಂಗಡ ಕೊಡುವ ಮೊದಲೇ ತೀರ್ಮಾನವಾಗಬೇಕು. ಕರ್ನಾಟಕದ ನಗರವೊಂದರಲ್ಲಿ 80 ಲಕ್ಷದ ಮನೆಗೆ ಮುದ್ರಾಂಕ ಶುಲ್ಕ 5%. ಅದರ ಮೇಲಿನ ಸೆಸ್, ಸರ್‌ಚಾರ್ಜ್ ಸೇರಿದರೆ 5.6%. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 2% ಆಗಿದೆ. ಒಟ್ಟು 7.6%, ಅಂದರೆ 6,08,000 ರೂಪಾಯಿ. ಈಗ ಜಂಟಿ ಹೆಸರಲ್ಲಿ ತಗೊಂಡು ಆಮೇಲೆ ಕಂಪನಿಗೆ ಮಾಡಿಕೊಂಡರಾಯಿತು ಎಂದರೆ ಈ ದುಡ್ಡನ್ನು ಇನ್ನೊಮ್ಮೆ ಕಟ್ಟಬೇಕು, ಬೆಲೆ ಏರಿದ್ದರೆ ಬಂಡವಾಳ ಲಾಭದ ತೆರಿಗೆ ಬೇರೆ. ನಮ್ಮದೇ ಕಂಪನಿ ತಾನೆ ಎಂಬ ಮಾತು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನಡೆಯದು. ಷೇರುದಾರ ಕಂಪನಿಯ ಆಸ್ತಿಯ ಒಡೆಯನಲ್ಲ ಎಂದು ಸುಪ್ರೀಂ ಕೋರ್ಟ್ 1954ರಲ್ಲೇ ಬಚ್ಚಾ ಗುಜ್ದಾರ್ ಪ್ರಕರಣದಲ್ಲಿ ಹೇಳಿಬಿಟ್ಟಿದೆ.

ಹೆಚ್ಚಿನವರು ಕಂಪನಿಯ ಕಡೆ ವಾಲುವುದು ತೆರಿಗೆ ದರ ನೋಡಿ. ಕಂಪನಿಗೆ 22%, ನಮಗೆ 30% ಎಂಬ ಲೆಕ್ಕ. ಇದನ್ನೇ ಸ್ವಲ್ಪ ಬಿಡಿಸಿ ನೋಡೋಣ. ಆ 80 ಲಕ್ಷದ ಮನೆಗೆ ತಿಂಗಳಿಗೆ 25,000 ಬಾಡಿಗೆ, ವರ್ಷಕ್ಕೆ 3 ಲಕ್ಷ ಎನ್ನಿ. ಆಸ್ತಿ ತೆರಿಗೆ, ಸಾಲದ ಬಡ್ಡಿ ಸದ್ಯಕ್ಕೆ ಬದಿಗಿರಲಿ. 30% ಪ್ರಮಾಣಿತ ಕಡಿತ ಕಳೆದರೆ ತೆರಿಗೆಗೆ ಸಿಗುವುದು 2,10,000. ವಾಸದ ಮನೆಯ ಬಾಡಿಗೆಯನ್ನು ವ್ಯಾಪಾರದ ಆದಾಯವಾಗಿ ತೋರಿಸುವ ದಾರಿಯನ್ನು 2024ರ ಎರಡನೇ ಹಣಕಾಸು ಕಾಯ್ದೆ ಮುಚ್ಚಿರುವುದರಿಂದ ಕಂಪನಿಗೂ ಇದೇ ಲೆಕ್ಕ. ಇಬ್ಬರೂ 30% ಸ್ಲ್ಯಾಬಿನಲ್ಲಿದ್ದರೆ ಜಂಟಿ ಹೆಸರಿನಲ್ಲಿ ಸೆಸ್ ಸೇರಿ 31.2%ರಂತೆ ತೆರಿಗೆ 65,520, ಕೈಗೆ 2,34,480. ಕಂಪನಿಗೆ ಸರ್‌ಚಾರ್ಜ್, ಸೆಸ್ ಸೇರಿ ನಿಜವಾದ ದರ 25.168%, ತೆರಿಗೆ 52,853, ಉಳಿಕೆ 2,47,147. ಅಂತರ 12,667 ರೂಪಾಯಿ. ಕಡ್ಡಾಯ ಆಡಿಟ್ ಮತ್ತು ವಾರ್ಷಿಕ ಫೈಲಿಂಗ್‌ಗೆ ಸಿಎ ಕೇಳುವ ಹಣಕ್ಕೇ ಅದು ಸಾಲದೇ ಹೋಗಬಹುದು.

ಇಷ್ಟಾದರೂ ದುಡ್ಡು ಇನ್ನೂ ಕಂಪನಿಯ ಖಾತೆಯಲ್ಲೇ ಇದೆ. ಡಿವಿಡೆಂಡ್ (ಲಾಭಾಂಶ) ಆಗಿ ತೆಗೆದರೆ ಮತ್ತೆ 31.2%, ಕೊನೆಗೆ ಕೈಸೇರುವುದು 1,70,037. ಅಂದರೆ ಪ್ರತಿ ನೂರು ರೂಪಾಯಿ ತೆರಿಗೆಯೋಗ್ಯ ಆದಾಯಕ್ಕೆ ಕಂಪನಿಯ ಹಂತದಲ್ಲಿ 25, ನಿಮ್ಮ ಹಂತದಲ್ಲಿ ಮತ್ತೂ ಜಾಸ್ತಿ. ಬಾಡಿಗೆಯಿಂದಲೇ ಮನೆ ಖರ್ಚು ನಡೆಸುವವರಿಗೆ ಇದು ಸುಮ್ಮನೆ ನಷ್ಟ. ಬಾಡಿಗೆಯನ್ನು ಮುಟ್ಟದೆ ಒಳಗೇ ಕೂಡಿಟ್ಟು ಮುಂದಿನ ಆಸ್ತಿ ಕೊಳ್ಳುವವರಿಗೆ ಮಾತ್ರ ಆ 25.168% ಲಾಭದಂತೆ ಕಾಣುತ್ತದೆ.

ಇದಕ್ಕೊಂದು ನ್ಯಾಯಬದ್ಧ ಒಳದಾರಿ ಇದೆ, ಕಂಪನಿ ಮಾಡುವವರು ಮೊದಲು ತಿಳಿಯಬೇಕಾದ್ದು ಇದೇ. ಹಾಕುವ ಹಣವನ್ನೆಲ್ಲ ಷೇರು ಬಂಡವಾಳ ಮಾಡಬೇಡಿ. ಶುಲ್ಕಗಳನ್ನು ಬಿಟ್ಟು 80 ಲಕ್ಷದಲ್ಲಿ ಒಬ್ಬರದು 50, ಇನ್ನೊಬ್ಬರದು 30 ಎಂದಿಟ್ಟುಕೊಳ್ಳಿ. ಇಬ್ಬರೂ ಒಂದೊಂದು ಲಕ್ಷಕ್ಕೆ ಷೇರು ತಗೊಂಡು, ಉಳಿದ 49 ಲಕ್ಷ ಮತ್ತು 29 ಲಕ್ಷವನ್ನು ನಿರ್ದೇಶಕರ ಸಾಲವಾಗಿ ಕಂಪನಿಗೆ ಕೊಟ್ಟರೆ ಮಾತಿನ ಅಧಿಕಾರ ಸಮ, ಹಣದ ವ್ಯತ್ಯಾಸ ಪುಸ್ತಕದಲ್ಲಿ ಸ್ಪಷ್ಟ. ಬಾಡಿಗೆಯಲ್ಲಿ ಉಳಿದದ್ದನ್ನು ಆ ಸಾಲದ ಅಸಲು ತೀರಿಕೆಯಾಗಿ ಪಡೆದರೆ ಅದು ಆದಾಯವೇ ಅಲ್ಲ, ಎರಡನೇ ಸುತ್ತಿನ ತೆರಿಗೆ ಬೀಳುವುದಿಲ್ಲ. ವರ್ಷಕ್ಕೆ 2,47,147ರಂತೆ 78 ಲಕ್ಷ ತೀರಲು 31 ವರ್ಷ ದಾಟುತ್ತದೆ! ಆದರೆ ಸಾಲ ಕೊಡುವವರು ನಿರ್ದೇಶಕರೇ ಆಗಿರಬೇಕು, ಅಥವಾ ನಿರ್ದೇಶಕರ ಸಂಬಂಧಿ. ಬರಿಯ ಷೇರುದಾರ ಕೊಟ್ಟ ಹಣ ಠೇವಣಿ ನಿಯಮದ ಬಲೆಗೆ ಬೀಳುತ್ತದೆ. ಇದು ನಾನು ಬೇರೆ ಕಡೆ ಸಾಲ ಮಾಡಿ ತಂದ ಹಣವಲ್ಲ ಎಂಬ ಲಿಖಿತ ಘೋಷಣೆ ಬೇಕು, ಪ್ರತಿ ವರ್ಷ ಜೂನ್ 30ರೊಳಗೆ ಕಂಪನಿ ಪಡೆದ ಸಾಲ, ಠೇವಣಿಗಳ ವಿವರದ ಫಾರಂ ಡಿಪಿಟಿ-3 ಸಲ್ಲಿಸಬೇಕು. ಇದನ್ನೇ ತಿರುಗಿಸಿ ಕಂಪನಿಯಿಂದ ಕೈಸಾಲ ತೆಗೆಯುವ ಯೋಚನೆ ಮಾತ್ರ ಬೇಡ. ನಿರ್ದೇಶಕರಿಗೆ ಸಾಲ ಕೊಡುವುದನ್ನು ಕಂಪನಿ ಕಾಯ್ದೆ ಸಾಮಾನ್ಯವಾಗಿ ತಡೆಯುತ್ತದೆ, 10% ಅಥವಾ ಹೆಚ್ಚು ಮತದ ಹಕ್ಕು ಇರುವವರಿಗೆ ಹೋದ ಸಾಲವನ್ನು ಆದಾಯ ತೆರಿಗೆಯವರು ಡಿವಿಡೆಂಡ್ ಎಂದೇ ಎಣಿಸುತ್ತಾರೆ.

ಹೆಜ್ಜೆಗಳ ಕ್ರಮ ತಪ್ಪಿದರೂ ತಲೆನೋವು. ಮೊದಲು ಸ್ಪೈಸ್ ಪ್ಲಸ್ ಅರ್ಜಿಯಲ್ಲಿ ಕಂಪನಿ ನೋಂದಣಿ, ಬಳಿಕ ಬ್ಯಾಂಕ್ ಖಾತೆಗೆ ಇಬ್ಬರ ಷೇರು ಹಣ, ಆಮೇಲೆ, ಕಂಪನಿ ನೋಂದಣಿಯಾದ 180 ದಿನದೊಳಗೆ, ವ್ಯವಹಾರ ಆರಂಭದ ಘೋಷಣೆಯಾದ ಐಎನ್‌ಸಿ-20ಎ. ಇದು ಸಲ್ಲಿಕೆಯಾಗುವ ತನಕ ಕಂಪನಿ ವ್ಯವಹಾರ ಶುರುಮಾಡುವಂತಿಲ್ಲ, ಸಾಲವನ್ನೂ ತೆಗೆದುಕೊಳ್ಳುವಂತಿಲ್ಲ. ಅದಾದ ಮೇಲೆಯೇ ನಿರ್ದೇಶಕರ ಸಾಲ, ಕಂಪನಿಯ ಹೆಸರಲ್ಲಿ ಕ್ರಯದ ಕರಾರು, ಯಾರು ಸಹಿ ಹಾಕಬೇಕೆಂಬ ಮಂಡಳಿ ನಿರ್ಣಯ, ಕೊನೆಗೆ ರಾಜ್ಯದ ಆಸ್ತಿ ನೋಂದಣಿ ಪೋರ್ಟಲ್ ಕಾವೇರಿ 2.0ರಲ್ಲಿ ನೋಂದಣಿ. ಮುಂಗಡವನ್ನು ಅವಸರದಲ್ಲಿ ಸ್ವಂತ ಹೆಸರಲ್ಲಿ ಕೊಟ್ಟು ಕರಾರು ಬರೆಸಿಕೊಂಡವರು ಮಾರುವವರನ್ನು ಮತ್ತೆ ಒಪ್ಪಿಸಿ ಹೊಸ ಕರಾರು ಮಾಡಬೇಕಾಗುತ್ತದೆ. ವರ್ಷವರ್ಷದ ಎಒಸಿ-4 (ಲೆಕ್ಕಪತ್ರ) ಮತ್ತು ಎಂಜಿಟಿ-7ಎ (ವಾರ್ಷಿಕ ರಿಟರ್ನ್) ತಡವಾದರೆ ಒಂದೊಂದಕ್ಕೂ ದಿನಕ್ಕೆ 100 ರೂಪಾಯಿ, ಮಿತಿ ಇಲ್ಲ. ಎರಡನ್ನೂ ಒಂದು ವರ್ಷ ಮರೆತರೆ 73,000.

ಜಂಟಿ ಹೆಸರು ಇಷ್ಟೆಲ್ಲ ಕೇಳುವುದಿಲ್ಲ. ಕ್ರಯಪತ್ರದಲ್ಲಿ ಯಾರ ಪಾಲು ಎಷ್ಟು ಎಂದು ಶೇಕಡಾದಲ್ಲಿ ಬರೆಸಿದರೆ ಸಾಕು, ಬಾಡಿಗೆಗೆ ಅವರವರ ರಿಟರ್ನ್‌ನಲ್ಲಿ ತೆರಿಗೆ. ಬರೆಸದಿದ್ದರೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯಂತೆ ಹಾಕಿದ ಹಣದ ಪ್ರಮಾಣದಲ್ಲಿ ಪಾಲು, ಹಣಕ್ಕೆ ದಾಖಲೆ ಇಲ್ಲದಿದ್ದರೆ ಸಮಪಾಲು. ಹಾಗಾಗಿ ಇಬ್ಬರ ಹಣವೂ ಅವರವರ ಖಾತೆಯಿಂದಲೇ ಮಾರುವವರಿಗೆ ಹೋಗಲಿ. ಮಾರುವಾಗಲೂ ಇದೇ ಹಗುರ: 24 ತಿಂಗಳು ದಾಟಿದ್ದರೆ 12.5% ತೆರಿಗೆ, ಲಾಭವನ್ನು ಇನ್ನೊಂದು ವಾಸದ ಮನೆಗೆ ಹಾಕಿ ಷರತ್ತು ಪಾಲಿಸಿದರೆ ವಿನಾಯಿತಿ. ಆ ವಿನಾಯಿತಿ ಕಂಪನಿಗೂ ಇಲ್ಲ, ಎಲ್‌ಎಲ್‌ಪಿಗೂ ಇಲ್ಲ. ಅವುಗಳಿಗೆ ಉಳಿಯುವುದು ಬಂಡವಾಳ ಲಾಭದ ತೆರಿಗೆ ಉಳಿಸಲು ಹಣ ಹಾಕುವ 50 ಲಕ್ಷದ ಮಿತಿಯ ಬಾಂಡ್ ಮಾತ್ರ.

ಜಂಟಿ ಹೆಸರಿನ ತೊಡಕು ಮನಸ್ತಾಪ ಬಂದಾಗ ಗೊತ್ತಾಗುತ್ತದೆ. ಪಾಲುದಾರ ತನ್ನ ಪಾಲನ್ನು ಗುರುತು ಪರಿಚಯವಿಲ್ಲದವರಿಗೆ ಮಾರಬಹುದು. ತೀರಿಕೊಂಡರೆ ಹೆಂಡತಿ, ಮಕ್ಕಳು, ತಾಯಿ ಎಲ್ಲರ ಸಹಿ ಬೇಕು. ವಿಭಾಗ ದಾವೆ ಹೂಡಿದರೆ ಒಂದು ಫ್ಲ್ಯಾಟನ್ನು ಎರಡು ಮಾಡಲಾಗದು. ಆಗ 1893ರ ವಿಭಾಗ ಕಾಯ್ದೆಯಡಿ ಅರ್ಧ ಅಥವಾ ಹೆಚ್ಚು ಪಾಲಿನವರು ಮಾರಾಟಕ್ಕೆ ಕೋರಬಹುದು, ಇನ್ನೊಬ್ಬರು ನ್ಯಾಯಾಲಯ ಕಟ್ಟಿದ ಬೆಲೆಗೆ ಕೊಳ್ಳಲು ಮುಂದೆ ಬರಬಹುದು. ವರ್ಷಗಳು ಉರುಳುತ್ತವೆ. ಸಂಬಂಧಿಕರಲ್ಲದ ಇಬ್ಬರಿಗೆ ಜಂಟಿ ಗೃಹಸಾಲ ಕೊಡಲು ಬ್ಯಾಂಕುಗಳು ಹಿಂದೆಮುಂದೆ ನೋಡುತ್ತವೆ ಎಂಬುದೂ ಇದೆ. ಹಾಗೆಂದು ಕಂಪನಿಗೆ ಸಾಲ ಸಲೀಸು ಎಂದೇನಲ್ಲ. ಅಲ್ಲಿ ನಿರ್ದೇಶಕರಿಬ್ಬರ ವೈಯಕ್ತಿಕ ಖಾತರಿ ಕೇಳುತ್ತಾರೆ, ಅಲ್ಲಿಗೆ ಸೀಮಿತ ಹೊಣೆಯ ಅರ್ಧ ಮಾತು ಮುಗಿಯಿತು.

ಸಾಮಾನ್ಯ ಪಾಲುದಾರಿಕೆ ಸಂಸ್ಥೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೊಣೆಗೆ ಮಿತಿ ಇಲ್ಲ, ಇಬ್ಬರಲ್ಲಿ ಒಬ್ಬರು ಹೋದರೆ ಸಂಸ್ಥೆಯೇ ಇಲ್ಲ, ತೆರಿಗೆ ದರ ಎಲ್‌ಎಲ್‌ಪಿಯದ್ದೇ.

ಎಲ್‌ಎಲ್‌ಪಿ ನಡುದಾರಿ. ತೆರಿಗೆ 31.2%, ಆದರೆ ಲಾಭದ ಪಾಲು ಕೈಗೆ ಬಂದಾಗ ಮತ್ತೆ ತೆರಿಗೆ ಇಲ್ಲ. ಮೇಲಿನ ಲೆಕ್ಕದಲ್ಲಿ ಜಂಟಿ ಹೆಸರಿನಷ್ಟೇ 2,34,480 ಉಳಿಯುತ್ತದೆ. ಕಡಿಮೆ ಸ್ಲ್ಯಾಬಿನಲ್ಲಿರುವ ಪಾಲುದಾರನಿಗೆ ಮಾತ್ರ ಇದು ಹೊರೆ. ಮೇ 30ಕ್ಕೆ ವಾರ್ಷಿಕ ರಿಟರ್ನ್ ಫಾರಂ 11, ಅಕ್ಟೋಬರ್ 30ಕ್ಕೆ ಲೆಕ್ಕಪತ್ರದ ಫಾರಂ 8. ವಹಿವಾಟು 40 ಲಕ್ಷ, ಬಂಡವಾಳ ಕೊಡುಗೆ 25 ಲಕ್ಷ ಮೀರದಿದ್ದರೆ ಎಲ್‌ಎಲ್‌ಪಿ ಕಾಯ್ದೆಯ ಆಡಿಟ್ ಇಲ್ಲ, ಹಾಗಾಗಿ ಇಲ್ಲೂ ಕೊಡುಗೆ ಸಣ್ಣದಿಟ್ಟು ಉಳಿದದ್ದನ್ನು ಪಾಲುದಾರರ ಸಾಲ ಮಾಡುವುದು ಜಾಣತನ. ಒಪ್ಪಂದವನ್ನು 30 ದಿನದೊಳಗೆ ಫಾರಂ 3ರಲ್ಲಿ ಸಲ್ಲಿಸಬೇಕು. ಒಪ್ಪಂದ ಮೌನವಾಗಿದ್ದರೆ ಕಾಯ್ದೆಯ ಮೊದಲ ಅನುಸೂಚಿ ಅನ್ವಯ. ಅದರಂತೆ 50 ಹಾಕಿದವರಿಗೂ 30 ಹಾಕಿದವರಿಗೂ ಲಾಭ ಸಮ. ಬೇರೆಯಾಗುವಾಗ ಆಸ್ತಿಯನ್ನೇ ಒಬ್ಬರ ಹೆಸರಿಗೆ ತಗೊಂಡರೆ ಅದನ್ನು ಮಾರುಕಟ್ಟೆ ಬೆಲೆಗೆ ಮಾರಿದಂತೆ ಎಣಿಸಿ ಎಲ್‌ಎಲ್‌ಪಿಗೆ ತೆರಿಗೆ ಹಾಕುತ್ತಾರೆ. ಇದನ್ನು ಮೊದಲೇ ಎಣಿಸದವರೇ ಹೆಚ್ಚು.

ವಾಣಿಜ್ಯ ಮಳಿಗೆಯಾದರೆ ಚಿತ್ರ ಬದಲು. ಬಾಡಿಗೆಗೆ ಕೊಡುವುದೇ ಕಂಪನಿಯ ಮುಖ್ಯ ಉದ್ದೇಶವಾಗಿದ್ದರೆ ಅದು ವ್ಯಾಪಾರದ ಆದಾಯ ಎಂದು 2015ರ ಚೆನ್ನೈ ಪ್ರಾಪರ್ಟೀಸ್ ತೀರ್ಪು ಒಪ್ಪಿದೆ. ಆಗ ಕಟ್ಟಡಕ್ಕೆ 10% ಸವಕಳಿ (ಹಳೆಯದಾಗುವುದಕ್ಕೆ ಸಿಗುವ ಕಡಿತ), ದುರಸ್ತಿ, ಸಂಬಳ ಎಲ್ಲ ಖರ್ಚಿಗೆ ಬರುತ್ತವೆ. ನೆಲಕ್ಕೆ ಸವಕಳಿ ಇಲ್ಲ, ಸವಕಳಿ ಪಡೆದ ಕಟ್ಟಡದ ಲಾಭ ಮಾರುವಾಗ ಅಲ್ಪಾವಧಿಯದ್ದು. ಜಿಎಸ್‌ಟಿಯಲ್ಲಿ ಮಾತ್ರ ಕಂಪನಿ ಸೋಲುತ್ತದೆ: ವರ್ಷಕ್ಕೆ 20 ಲಕ್ಷದವರೆಗೆ ನೋಂದಣಿ ಬೇಡವೆಂಬ ಮಿತಿ ಜಂಟಿ ಒಡೆಯರಿಬ್ಬರಿಗೆ ಸಾಮಾನ್ಯವಾಗಿ ತಲಾ ಸಿಗುತ್ತದೆ, ಕಂಪನಿಗೆ ಒಂದೇ.

ನನ್ನ ಒಲವು ಹೇಳಬೇಕೆಂದರೆ, ಒಂದೇ ವಾಸದ ಮನೆಗೆ ಜಂಟಿ ಹೆಸರು ಮತ್ತು ನೋಂದಾಯಿತ ಸಹಮಾಲೀಕರ ಕರಾರು. ಮಳಿಗೆಗಳ ಸಾಲು, ಮುಂದೆ ಮೂರನೆಯವರು ಸೇರುವ ಸಂಭವ ಇದ್ದಲ್ಲಿ ಕಂಪನಿ. ಅಲ್ಲಿ ಪಾಲು ಕೈಬದಲಿಸುವುದು ಷೇರು ವರ್ಗಾವಣೆಯ ಎಸ್‌ಎಚ್-4 ಫಾರಂ ಒಂದರಲ್ಲಿ, 40 ಲಕ್ಷದ ಷೇರಿಗೆ ಮುದ್ರಾಂಕ 0.015%, ಅಂದರೆ 600 ರೂಪಾಯಿ. ಅದೇ ಪಾಲನ್ನು ಜಂಟಿ ಹೆಸರಲ್ಲಿ ಕ್ರಯ ಮಾಡಿದರೆ 7.6%ರಂತೆ 3,04,000. ಷೇರಿಗೆ ಕಡಿಮೆ ಬೆಲೆ ತೋರಿಸುವ ಆಸೆ ಬೇಡ, ತೆರಿಗೆಯ ಲೆಕ್ಕದಲ್ಲಿ ಆಸ್ತಿಯ ಮಾರ್ಗಸೂಚಿ ಬೆಲೆಯೇ ಒಳಗೆ ಬರುತ್ತದೆ.

ಯಾವುದನ್ನೇ ಆರಿಸಿ, ಸಮಪಾಲಿನಲ್ಲಿ ಹಗ್ಗ ಬಿಗಿಯುವುದು ಖಂಡಿತ. ಒಬ್ಬರು ಮಾರೋಣ ಎನ್ನುತ್ತಾರೆ, ಇನ್ನೊಬ್ಬರು ಬೇಡ. ಅದಕ್ಕೊಂದು ಷರತ್ತು: ಬೇರೆಯಾಗಬೇಕೆನ್ನುವವರು ತಮ್ಮ ಅರ್ಧಕ್ಕೆ ಒಂದು ಬೆಲೆ ಹೇಳಲಿ. 30 ದಿನದಲ್ಲಿ ಇನ್ನೊಬ್ಬರು ಅದೇ ಬೆಲೆಗೆ ಕೊಳ್ಳಬೇಕು, ಇಲ್ಲವೇ ತಮ್ಮ ಅರ್ಧವನ್ನು ಅದೇ ಬೆಲೆಗೆ ಬಿಡಬೇಕು. ಬೆಲೆ ಹೇಳುವವರು ತಾವಾಗಿಯೇ ನ್ಯಾಯವಾಗಿ ಹೇಳುತ್ತಾರೆ. ಹಣ ಕಡಿಮೆ ಇರುವವರಿಗೆ ಅನ್ಯಾಯವಾಗದಂತೆ ಪಾವತಿಗೆ 90 ದಿನ ಇಡಿ. ಕಂಪನಿಯಲ್ಲಾದರೆ ಇದನ್ನು ಬರಿಯ ಷೇರುದಾರರ ಒಪ್ಪಂದದಲ್ಲಿ ಬರೆದರೆ ಸಾಲದು. ಷೇರು ವರ್ಗಾವಣೆಯ ನಿರ್ಬಂಧ ಆರ್ಟಿಕಲ್ಸ್‌ನಲ್ಲಿ (ಕಂಪನಿಯ ಆಂತರಿಕ ನಿಯಮಾವಳಿ) ಇಲ್ಲದಿದ್ದರೆ ಕಂಪನಿಯನ್ನು ಕಟ್ಟಿಹಾಕದು ಎಂದು ವಿ.ಬಿ. ರಂಗರಾಜ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ರೆಡಿಮೇಡ್ ಆರ್ಟಿಕಲ್ಸ್ ಹಾಕಿ ಕಂಪನಿ ನೋಂದಾಯಿಸಿಕೊಡುವವರು ಇದನ್ನು ತಾವಾಗಿ ಸೇರಿಸುವುದಿಲ್ಲ, ಕೇಳಿ ಸೇರಿಸಿಕೊಳ್ಳಬೇಕು.