ಅರ್ಥಶಾಸ್ತ್ರದ ಪಿಎಚ್‌ಡಿಗೆ ಸೇರಬಹುದಾ? ಪೆರ್ಲದವಳ ಅನುಭವ

ನಾನು ಕಾಸರಗೋಡು ಜಿಲ್ಲೆಯ ಪೆರ್ಲದವಳು. 2023ರಲ್ಲಿ ಕರ್ನಾಟಕದ ಒಂದು ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಪಿಎಚ್‌ಡಿಗೆ ಸೇರಿದೆ. ಈಗ ಪ್ರಬಂಧ ಬರೆಯುತ್ತಿದ್ದೇನೆ. ಊರಿನ ಹುಡುಗಿಯರು "ಅಕ್ಕಾ, ಸೇರಬಹುದಾ?" ಎಂದು ಕೇಳುತ್ತಲೇ ಇರುತ್ತಾರೆ. ಅವರಿಗಾಗಿ ಇದು.

ಮೊದಲು ಕೋರ್ಸ್‌ವರ್ಕ್, ಅಂದರೆ ತರಗತಿಯ ಪಾಠ. ಕನಿಷ್ಠ 12 ಕ್ರೆಡಿಟ್. ಹತ್ತನೇ ತನಕ ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಇಕನಾಮೆಟ್ರಿಕ್ಸ್ (ಅಂಕಿಅಂಶದಿಂದ ಆರ್ಥಿಕ ಸಂಗತಿ ಅಳೆಯುವ ವಿಷಯ) ಮೊದಲ ತಿಂಗಳು ತಲೆಗೇ ಹೋಗಲಿಲ್ಲ. ಮೇಡಂ ಒಳ್ಳೆಯವರು. ಸೂತ್ರ ಬರೆಯುವ ಮೊದಲು "ಇದರಿಂದ ನಿಮಗೆ ಏನು ತಿಳಿಯಬೇಕು?" ಎಂದು ಕೇಳುತ್ತಿದ್ದರು. ಅಲ್ಲಿಂದ ದಾರಿ ಸಿಕ್ಕಿತು. ಲೆಕ್ಕಕ್ಕೆ 'ಆರ್' ಸಾಫ್ಟ್‌ವೇರ್ ಸಾಕು. ಅದು ಉಚಿತ, ನನ್ನ ಹಳೆ ಲ್ಯಾಪ್‌ಟಾಪ್‌ನಲ್ಲೂ ನಡೆಯುತ್ತದೆ.

ನನಗೆ ನಿಜವಾಗಿ ಕಲಿಸಿದ್ದು ಫೀಲ್ಡ್‌ವರ್ಕ್. ನನ್ನ ವಿಷಯ ಸಣ್ಣ ಅಡಿಕೆ ಬೆಳೆಗಾರರು. ಎಣ್ಮಕಜೆ, ಬದಿಯಡ್ಕದ ಕಡೆ ಮನೆಮನೆಗೆ ಹೋದೆ. ನನ್ನ ಪ್ರಶ್ನಾವಳಿಯಲ್ಲಿ "ವಾರ್ಷಿಕ ಆದಾಯ ಎಷ್ಟು?" ಎಂದಿತ್ತು. ಯಾರೂ ಬಾಯಿ ಬಿಡಲಿಲ್ಲ. ಕೊನೆಗೆ ಒಬ್ಬರು ಅಜ್ಜಿ ಹೇಳಿದರು: "ಆದಾಯ ಅಂತ ಎಂತ ಹೇಳುದು ಮಗಾ? ಅಡಿಕೆ ಎಷ್ಟು ಕೊಟ್ಟದ್ದು ಅಂತ ಕೇಳು, ಹೇಳ್ತೇನೆ."

ಆ ರಾತ್ರಿ ಕೂತು ಇಡೀ ಪ್ರಶ್ನಾವಳಿ ತಿದ್ದಿದೆ. ಈ ವರ್ಷದ ಹೊಸ ಅಡಿಕೆ ಎಷ್ಟು, ಇಟ್ಟುಕೊಂಡು ಕೊಟ್ಟ ಹಳೆಯದು ಎಷ್ಟು? ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋಗೆ ಕೊಟ್ಟದ್ದಾ, ಅಂಗಡಿಗಾ? ಯಾವ ತಿಂಗಳು? ಆ ತಿಂಗಳು ಮನೆಯಲ್ಲಿ ಏನು ಖರ್ಚಿತ್ತು?

ಆಗ ಸಂಗತಿ ಬಿಚ್ಚಿಕೊಂಡಿತು. ಸಾಮಾನ್ಯವಾಗಿ ಹಳೆ ಅಡಿಕೆಗೆ ಹೊಸದಕ್ಕಿಂತ ಜಾಸ್ತಿ ಬೆಲೆ. ಅದು ಎಲ್ಲರಿಗೂ ಗೊತ್ತು, ಅಲ್ವಾ? ಆದರೆ ಜೂನ್ ಬಂತೆಂದರೆ ಶಾಲೆ ಫೀಸು. ಕೊಳೆರೋಗಕ್ಕೆ ಬೋರ್ಡೋ ಮದ್ದು ಬಿಡುವವರ ಕೂಲಿ. ಕಾಯಲು ಆಗುವವರಿಗಷ್ಟೇ ಆ ಬೆಲೆ ಸಿಗುತ್ತದೆ. ನಮ್ಮ ಅಪ್ಪನೂ ಪ್ರತಿ ವರ್ಷ ಹೊಸ ಅಡಿಕೆಯನ್ನೇ ಕೊಟ್ಟವರು. ಯಾಕೆ ಎಂದು ನಾನು ಅವರನ್ನು ಕೇಳಿದ್ದು ಈ ಓದಿಗೆ ಸೇರಿದ ಮೇಲೆ.

ಇನ್ನು ದುಡ್ಡು. ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಇದ್ದರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಇದು 2023ರ ಜನವರಿಯಿಂದ ಇರುವ ದರ. ಆದರೆ ನನಗೆ ಒಮ್ಮೆ ಐದು ತಿಂಗಳು ಹಣ ಬರಲೇ ಇಲ್ಲ. ಅದೇ ಕಾಗದವನ್ನು ಮೂರು ಸಲ ಕೇಳಿದರು. ಮೆಸ್ ಬಿಲ್ಲಿಗೆ ಅಣ್ಣ ದುಡ್ಡು ಕಳಿಸಿದ. ಆ ದಿನಗಳ ಸಂಕಟ ಇನ್ನೂ ಮರೆತಿಲ್ಲ. ಕೈಯಲ್ಲಿ ಆರು ತಿಂಗಳ ಖರ್ಚು ಇಟ್ಟುಕೊಂಡೇ ಸೇರಿ.

ಸಮಯದ ಬಗ್ಗೆ ಹೆದರಬೇಡಿ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ನಿಯಮದಲ್ಲಿ ಕನಿಷ್ಠ 3 ವರ್ಷ, ಗರಿಷ್ಠ 6. ಹೆಣ್ಣುಮಕ್ಕಳಿಗೆ ಇನ್ನೂ 2 ವರ್ಷ ಸಿಗಬಹುದು. ಹೆರಿಗೆ, ಮಗುವಿನ ಆರೈಕೆಗೆ 240 ದಿನದವರೆಗೆ ರಜೆ ಇದೆ. "ಮದುವೆಯಾದರೆ ಓದು ಮುಗಿಯಿತು" ಎನ್ನುವವರಿಗೆ ಇದನ್ನು ತೋರಿಸಿ.

ಗೈಡ್ ಯಾರೆಂದು ನೋಡದೆ ಮಾತ್ರ ಸೇರಬೇಡಿ. ಅವರ ಬಳಿ ಈಗ ಓದುತ್ತಿರುವ ಇಬ್ಬರನ್ನಾದರೂ ಮಾತಾಡಿಸಿ. ಅಧ್ಯಾಯ ಕೊಟ್ಟರೆ ಎಷ್ಟು ದಿನಕ್ಕೆ ಓದಿ ಕೊಡುತ್ತಾರೆ ಎಂದು ಕೇಳಿ. ನನ್ನ ಗೈಡ್ ಎರಡು ವಾರದೊಳಗೆ ಕೊಡುತ್ತಾರೆ. ಅದಕ್ಕೇ ನಾನು ಇಲ್ಲಿಯವರೆಗೆ ಬಂದೆ.

ನಾನಂತೂ ಐದಕ್ಕೆ ನಾಲ್ಕು ಕೊಡುತ್ತೇನೆ. ಅಡಿಕೆಯ ಮೇಲೆ ಕೆಲಸ ಮಾಡುವವರಿಗೆ ನನ್ನ ಕನ್ನಡ ಪ್ರಶ್ನಾವಳಿ ಬೇಕಿದ್ದರೆ ಕೇಳಿ, ಕಳಿಸುತ್ತೇನೆ.